ಬರಿಗೈಗೆ ಬಾರದ ಹಾಡು

ಆಯಮ್ಮನ ಹೆಸರು ಎತ್ತಿದರೆ ಸಾಕು, ಆ ಶಾಲೆಯಲ್ಲಿ ಕಲಿತು ದೊಡ್ಡವರಾದವರು ಈಗಲೂ ಒಮ್ಮೆ ಅಂಗೈ ತಿರುಗಿಸಿ ನೋಡಿಕೊಳ್ಳುತ್ತಾರೆ, ಕೊಳೆಯಾಗಿದೆಯೇನೋ ಎಂದು. ಇಪ್ಪತ್ತಾರು ವರ್ಷ ಆಕೆ ಒಂದು ಇಂಗ್ಲಿಷ್ ಶಿಶುವಿಹಾರದಲ್ಲಿ ಆಯಾ. ಬೆಳಿಗ್ಗೆ ಗೇಟಿನ ಬಳಿ ಅಳುವ ಮಕ್ಕಳನ್ನು ತಾಯಂದಿರ ಸೊಂಟದಿಂದ ಬಿಡಿಸಿಕೊಳ್ಳುವುದು, ಮೂಗು ಒರೆಸುವುದು, ಚಪ್ಪಲಿ ಜೋಡಿಸುವುದು, ಊಟಕ್ಕೆ ಮೊದಲು ನಲ್ಲಿಯ ಮುಂದೆ ಸಾಲು ನಿಲ್ಲಿಸಿ ಕೈ ತೊಳೆಸುವುದು, ಚಡ್ಡಿ ಒದ್ದೆ ಮಾಡಿಕೊಂಡವನ ಮಾನ ಕಾಪಾಡುವುದು, ಇಷ್ಟೂ ಆಕೆಯ ಕೆಲಸ. ಹಾಜರಿ ಪುಸ್ತಕದಲ್ಲಿ ಕೊನೆಯ ಹೆಸರು ಆಕೆಯದು. ಆದರೆ ಆಕೆ ಒಂದು ದಿನ ರಜೆ ಹಾಕಿದರೆ ಶಾಲೆಯ ಕಥೆ ದೇವರಿಗೇ ಪ್ರೀತಿ.

ಪ್ರತಿ ಕೆಲಸಕ್ಕೂ ಆಕೆಯ ಬಳಿ ಒಂದು ಇಂಗ್ಲಿಷ್ ಹಾಡಿತ್ತು. ಟೀಚರುಗಳು ಒಳಗೆ ಹೇಳಿಕೊಡುವುದನ್ನು ಕಾರಿಡಾರಿನಲ್ಲಿ ನೆಲ ಒರೆಸುತ್ತ ಕೇಳಿಸಿಕೊಂಡು, ಅದರಲ್ಲಿ ಬೇಕಾದ ಮಾತನ್ನಷ್ಟೇ ಕತ್ತರಿಸಿ, ತನ್ನದೊಂದಿಷ್ಟು ಸೇರಿಸಿ ಹೊಲಿದುಕೊಂಡ ಹಾಡುಗಳು. ಕೈ ತೊಳೆಸುವಾಗ “ಲೆಫ್ಟ್ ಹ್ಯಾಂಡ್ ಹಲೋ, ರೈಟ್ ಹ್ಯಾಂಡ್ ಹಲೋ, ಶೇಕ್ ಹ್ಯಾಂಡ್ಸ್ ಅಂಡ್ ಗೋ!” ಚಪ್ಪಲಿ ಜೋಡಿಸುವಾಗ “ಲೆಫ್ಟ್ ಶೂ ಕಮ್ ಹೋಮ್, ರೈಟ್ ಶೂ ಕಮ್ ಹೋಮ್.” ಮೂಗಿಗೆ ಬೇರೆ, ಅಂಗಿಯ ಗುಂಡಿಗೆ ಬೇರೆ, ಟಿಫನ್ ಬಾಕ್ಸಿನ ಮುಚ್ಚಳಕ್ಕೆ ಬೇರೆ. ಇವು ಯಾವ ಪುಸ್ತಕದಲ್ಲೂ ಇರಲಿಲ್ಲ. ಇದ್ದಿದ್ದರೂ ಆಕೆಗೆ ಓದಲು ಬರುತ್ತಿರಲಿಲ್ಲ. ಆಯಮ್ಮ ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಆ ಕಾಲದಲ್ಲಿ ಆಕೆಯ ಶಾಲೆಯಲ್ಲಿ ಇಂಗ್ಲಿಷ್ ಶುರುವಾಗುತ್ತಿದ್ದುದೇ ಎಂಟರಿಂದ. ನಮ್ಮ ಭಾಷೆಯ ಪೇಪರನ್ನು ಜಾಹೀರಾತು ಸಮೇತ ಓದುವ ಹೆಂಗಸು, ಇಂಗ್ಲಿಷ್ ಅಕ್ಷರ ಕಂಡರೆ ಮಾತ್ರ ಮುಖ ತಿರುಗಿಸಿಕೊಂಡು ಹೋಗುತ್ತಿದ್ದಳು. ಮಕ್ಕಳ ಬ್ಯಾಗುಗಳನ್ನು ಗುರುತಿಸಲು ಒಂದಕ್ಕೆ ಆನೆ, ಒಂದಕ್ಕೆ ಮಾವಿನಹಣ್ಣು, ಒಂದಕ್ಕೆ ಕೊಡೆಯ ಚಿತ್ರ ಅಂಟಿಸಿದ್ದಳು. ಇಪ್ಪತ್ತಾರು ವರ್ಷದಲ್ಲಿ ಒಂದು ಬ್ಯಾಗೂ ಅದಲು ಬದಲಾಗಿರಲಿಲ್ಲ. ಹಾಗಾಗಿ ಯಾರಿಗೂ ಅನುಮಾನ ಬಂದಿರಲಿಲ್ಲ.

ಶಾಲೆಯ ಮುಖ್ಯಸ್ಥೆಯನ್ನು ಎಲ್ಲರೂ ದೊಡ್ಡ ಮೇಡಂ ಎನ್ನುತ್ತಿದ್ದರು. ಅವರಿಗೆ ಪರಿಚಯವಿದ್ದ ಒಂದು ಸೇವಾ ಸಂಸ್ಥೆ ಪ್ರತಿ ವರ್ಷ ನಾಲ್ಕಾರು ಜನರನ್ನು ಎರಡು ತಿಂಗಳ ಮಟ್ಟಿಗೆ ಹೊರದೇಶಕ್ಕೆ ಕಳಿಸುತ್ತಿತ್ತು. ಅಲ್ಲಿನ ಸಣ್ಣ ಊರುಗಳ ಶಾಲೆಗಳಲ್ಲಿ ಪುಟ್ಟ ಮಕ್ಕಳಿಗೆ ಆಟ, ಹಾಡುಗಳಲ್ಲೇ ಇಂಗ್ಲಿಷ್ ಕಲಿಸಬೇಕು. ಸಂಬಳವಿಲ್ಲ, ಊಟ ವಸತಿ ಅವರದು. ಆ ವರ್ಷ ಹೋಗಬೇಕಿದ್ದ ಯು.ಕೆ.ಜಿ. ಟೀಚರಿಗೆ ಇನ್ನು ಮೂರು ತಿಂಗಳಿರುವಾಗ ಮದುವೆ ಗೊತ್ತಾಯಿತು. ದೊಡ್ಡ ಮೇಡಂ ಇನ್ಯಾರನ್ನು ಕಳಿಸುವುದೆಂದು ತಲೆ ಕೆಡಿಸಿಕೊಂಡು ಕೂತಿದ್ದಾಗ ಕಿಟಕಿಯಾಚೆ ಆಯಮ್ಮ ಮೂವತ್ತು ಮಕ್ಕಳ ಕೈ ತೊಳೆಸುತ್ತ ಹಾಡುತ್ತಿದ್ದಳು. ಮೇಡಂ ಎದ್ದು ಹೋಗಿ ಫೋನಿನಲ್ಲಿ ವಿಡಿಯೊ ಮಾಡಿ ಸಂಸ್ಥೆಗೆ ಕಳಿಸಿಯೇಬಿಟ್ಟರು. ಅಲ್ಲಿಂದ ಒಪ್ಪಿಗೆ ಬಂದ ಮೇಲೆ ಆಯಮ್ಮನನ್ನು ಕರೆದರು. ದೊಡ್ಡವರು ಸಣ್ಣವರ ಒಪ್ಪಿಗೆ ಕೇಳುವ ಕ್ರಮವೇ ಹೀಗೆ, ಎಲ್ಲ ಮುಗಿದ ಮೇಲೆ.

“ನಾನಾ ಮೇಡಂ? ತಮಾಷೆ ಮಾಡ್ಬೇಡಿ.”

“ಹಾಡು ಬರುತ್ತೆ, ಆಟ ಬರುತ್ತೆ, ಮಕ್ಕಳು ನಿನ್ನ ಮಾತು ಕೇಳ್ತಾರೆ. ಇನ್ನೇನು ಬೇಕು? ಮೊದಲು ಹೋಗಿ ಪಾಸ್‌ಪೋರ್ಟಿಗೆ ಫೋಟೊ ತೆಗೆಸ್ಕೊಂಡು ಬಾ.”

ಓದಲು ಬರುವುದಿಲ್ಲ ಎಂದು ಹೇಳಲು ಆಯಮ್ಮ ಬಾಯಿ ತೆರೆದಳು. ಅಷ್ಟರಲ್ಲಿ ಹೊರಗೆ ಯಾವುದೋ ಮಗು ಬಿದ್ದು ಅತ್ತಿತು, ಆಕೆ ಓಡಿದಳು, ಹೇಳುವುದು ಅಲ್ಲಿಗೇ ನಿಂತಿತು. ನಿಜ ಹೇಳಬೇಕೆಂದರೆ ಆಕೆಗೆ ಹೇಳುವ ಮನಸ್ಸೂ ಇರಲಿಲ್ಲ. ಸಂಸ್ಥೆಯಿಂದ ಬಂದ ಕಾಗದವನ್ನು ಮೇಡಂ ಓದಿ ಹೇಳಿದಾಗ ಅದರಲ್ಲಿ ಆಕೆಯ ಹೆಸರಿನ ಹಿಂದೆ ‘ಟೀಚರ್’ ಎಂದಿತ್ತು. ಆ ಕಾಗದವನ್ನು ಮನೆಗೆ ತಂದು, ಓದಲಾಗದಿದ್ದರೂ, ಮೂರು ಸಲ ಬಿಚ್ಚಿ ನೋಡಿದಳು.

ಮನೆಯಲ್ಲಿ ಮಗ ಹೌಹಾರಿದ. ಅವನು ಲಿಫ್ಟ್ ರಿಪೇರಿ ಮಾಡುವ ಮೆಕ್ಯಾನಿಕ್, ದಿನವೂ ಜನರನ್ನು ಹತ್ತಿಸಿ ಇಳಿಸುವ ಯಂತ್ರಗಳ ನಡುವೆ ಇದ್ದರೂ ಅಮ್ಮ ವಿಮಾನ ಹತ್ತುವುದನ್ನು ಊಹಿಸಲು ಅವನಿಂದ ಆಗಲಿಲ್ಲ.

“ಅಮ್ಮ, ಈ ವಯಸ್ಸಲ್ಲಿ ಯಾಕೆ ಬೇಕಿತ್ತು ಇದೆಲ್ಲ? ಅಲ್ಲಿ ಹೋಗಿ ಬ್ಬೆಬ್ಬೆಬ್ಬೆ ಅಂದ್ರೆ ಜನ ನಗ್ತಾರೆ.”

“ನಗೋರು ಎಲ್ಲಿದ್ರೂ ನಗ್ತಾರೆ ಬಿಡ್ರೀ,” ಎಂದಳು ಮೆಡಿಕಲ್ ಶಾಪಿನಲ್ಲಿ ಕೆಲಸ ಮಾಡುವ ಸೊಸೆ. “ಅತ್ತೆ, ನೀವು ಧೈರ್ಯವಾಗಿ ಹೋಗಿ ಬನ್ನಿ. ಮಾತ್ರೆ ಎಲ್ಲ ನಾನು ಕಟ್ಟಿಕೊಡ್ತೀನಿ.”

ಮೊಮ್ಮಗಳು ಅದೇ ಶಾಲೆಯ ಯು.ಕೆ.ಜಿ.ಯಲ್ಲಿದ್ದಳು. ಮನೆಮಂದಿಯೆಲ್ಲ ಚಿನಕುರುಳಿ ಎಂದೇ ಕರೆಯುತ್ತಿದ್ದರು, ಕಾರಣ ಕೇಳಬೇಕಾಗಿಲ್ಲ. ಅವಳು ತಟ್ಟೆಯಿಂದ ತಲೆ ಎತ್ತದೆ ಕೇಳಿದಳು.

“ಅಜ್ಜಿ, ನೀನು ಟೀಚರ್ ಅಲ್ವಲ್ಲ. ಆಯಾ ತಾನೆ?”

ಮಗ “ಏಯ್” ಎಂದು ಗದರಿದ. ಸೊಸೆ ಮಗಳ ಬಾಯಿಗೆ ತುತ್ತು ತುರುಕಿದಳು. ಆಯಮ್ಮ “ಮಗುವನ್ನ ಯಾಕೆ ಬೈತೀರಿ, ಇರೋದನ್ನೇ ಹೇಳಿತು” ಎಂದು ನಕ್ಕಳು. ಆದರೆ ನೋವಾಯಿತು, ಚೆನ್ನಾಗಿಯೇ ನೋವಾಯಿತು. ವಿಮಾನದವರು ಸೂಟ್‌ಕೇಸನ್ನು ಎರಡೆರಡು ಸಲ ತೂಗಿದರು, ಆ ಮಾತು ಮಾತ್ರ ತೂಕಕ್ಕೆ ಸಿಗದೆ ಆಕೆಯ ಜೊತೆಗೇ ಹೋಯಿತು.

ಆಯಮ್ಮ ಹೋಗಿ ಸೇರಿದ ಹೊರದೇಶದ ಶಾಲೆ ಎರಡಂತಸ್ತಿನ ಹಳೆಯ ಕಟ್ಟಡ. ನಡುವೆ ಸಿಮೆಂಟಿನ ಅಂಗಳ, ಅಂಗಳದ ಒಂದು ಬದಿಗೆ ಎಂಟು ನಲ್ಲಿಗಳ ಉದ್ದನೆಯ ತೊಟ್ಟಿ, ಹಿಂದುಗಡೆ ಮೂರು ಕೋಣೆಗಳ ಮನೆ. ಆ ಮನೆಯಲ್ಲಿ ಒಂದು ಕೋಣೆ ಆಯಮ್ಮನದು, ಇನ್ನೊಂದು ಸಂಸ್ಥೆಯ ಮೇಲ್ವಿಚಾರಕಿಯದು, ಮತ್ತೊಂದು ಬ್ಯಾಂಕ್ ಸಾಹೇಬರದು. ಇಬ್ಬರೂ ನಮ್ಮ ಕಡೆಯವರೇ, ಮಾತಿಗೆ ಬರವಿರಲಿಲ್ಲ. ಸಾಹೇಬರು ಬ್ಯಾಂಕಿನಲ್ಲಿ ಮ್ಯಾನೇಜರಾಗಿ ನಿವೃತ್ತರಾಗಿ, ಆಯಮ್ಮನಂತೆಯೇ ಕಲಿಸಲು ಬಂದವರು. ಒಂದು ಪೆಟ್ಟಿಗೆ ತುಂಬ ಪ್ಲಾಸ್ಟಿಕ್ ಹೊದಿಸಿದ ಬಣ್ಣಬಣ್ಣದ ಚಾರ್ಟುಗಳನ್ನು ತಂದಿದ್ದರು. ಒಳ್ಳೆಯ ಮನುಷ್ಯ. ಆದರೆ ಬಾಯಿ ತೆರೆದರೆ ಸರ್ಕ್ಯುಲರ್ ಓದಿದ ಹಾಗೆ.

ಬಂದ ದಿನವೇ ಮೇಲ್ವಿಚಾರಕಿ ನಿಯಮ ಹೇಳಿದರು. ಎರಡನೇ ವಾರದ ಕೊನೆಗೆ ಇಲ್ಲಿನ ಹೆಡ್‌ಮಾಸ್ಟರು ಪ್ರತಿಯೊಬ್ಬರ ಪಾಠ ನೋಡುತ್ತಾರೆ. ಅವರಿಗೆ ಒಪ್ಪಿಗೆಯಾದರೆ ಎರಡು ತಿಂಗಳೂ ಇರಬಹುದು. ಆಗದಿದ್ದರೆ ಮುಂದಿನ ವಿಮಾನಕ್ಕೆ ವಾಪಸ್ಸು. ಹೆಡ್‌ಮಾಸ್ಟರನ್ನು ಆಯಮ್ಮ ಅದೇ ಸಂಜೆ ನೋಡಿದಳು. ಸಣಕಲು ಮನುಷ್ಯ, ಜೇಬಿನಲ್ಲಿ ಸೋರುವ ಪೆನ್ನು, ಬೆರಳುಗಳಿಗೆಲ್ಲ ನೀಲಿ ಮಸಿ. ನಗು ಮಾತ್ರ ಎಲ್ಲೂ ಅಂಟಿರಲಿಲ್ಲ.

ಮರುದಿನ ಆರೇಳು ವರ್ಷದ ಇಪ್ಪತ್ತಮೂರು ಮಕ್ಕಳ ಮುಂದೆ ಆಯಮ್ಮ ನಿಂತಳು. ಸೀರೆಯ ಸೆರಗು ಬಿಗಿದು, ಗಂಟಲು ಸರಿ ಮಾಡಿಕೊಂಡು, ಹಾಡಲು ಬಾಯಿ ತೆರೆದಳು.

ಹಾಡು ಬರಲಿಲ್ಲ.

ಮೊದಲ ಪದವೇ ಬರಲಿಲ್ಲ. ಇಪ್ಪತ್ತಾರು ವರ್ಷ ದಿನಕ್ಕೆ ಹತ್ತು ಸಲ ಹಾಡಿದ್ದು, ನಿದ್ದೆಯಲ್ಲಿ ಎಬ್ಬಿಸಿದರೂ ಹೇಳುವಂಥದ್ದು, ಹೇಳದೆ ಕೇಳದೆ ಎದ್ದು ಹೋಗಿತ್ತು. ಆಯಮ್ಮ ಮಕ್ಕಳನ್ನು ನೋಡಿದಳು, ಮಕ್ಕಳು ಆಯಮ್ಮನನ್ನು ನೋಡಿದವು. ಎಷ್ಟೋ ಹೊತ್ತಿನ ಮೇಲೆ ಪಕ್ಕದ ಕ್ಲಾಸಿನ ಬ್ಯಾಂಕ್ ಸಾಹೇಬರು ಇಣುಕಿ, ಪರಿಸ್ಥಿತಿ ಕಂಡು, ತಮ್ಮ ಚಾರ್ಟು ತಂದು ಆ ದಿನದ ಮಾನ ಉಳಿಸಿದರು. ಎರಡನೇ ದಿನವೂ ಅದೇ ಕಥೆ. ಆಯಮ್ಮ ಇದೆಲ್ಲ ಹೆದರಿಕೆಯಿಂದ ಎಂದುಕೊಂಡಳು.

ಸಂಜೆ ಸಾಹೇಬರು ಒಂದು ಹಾಳೆ ಹಿಡಿದುಕೊಂಡು ಬಂದರು. ಚೆಂದದ ದಪ್ಪ ಅಕ್ಷರದಲ್ಲಿ ಇಂಗ್ಲಿಷ್ ಹಾಡುಗಳನ್ನು ಬರೆದಿದ್ದರು.

“ಹೊಸ ಜಾಗದಲ್ಲಿ ಮರೆವು ಸಹಜ ಕಣಮ್ಮ. ಇದನ್ನ ಕೈಲಿ ಇಟ್ಕೊಳ್ಳಿ. ಮರೆತಾಗ ಒಂದು ಸಲ ಕಣ್ಣಾಡಿಸಿದ್ರೆ ಆಯ್ತು.”

ಆಯಮ್ಮ ಹಾಳೆ ನೋಡಿದಳು. ಇರುವೆ ಸಾಲು ಹೋದ ಹಾಗಿತ್ತು. ಆ ಕ್ಷಣ ನಿಜ ಹೇಳಿದ್ದರೆ ಈ ಕಥೆ ಅರ್ಧಕ್ಕೇ ಮುಗಿಯುತ್ತಿತ್ತು. ಆಕೆ ಹೇಳಿದ್ದು ಬೇರೆ.

“ಕನ್ನಡಕ ಮನೇಲೇ ಬಿಟ್ಟು ಬಂದೆ ಸಾರ್.”

ಈಗಲೂ ಒಂದೇ ಸಲಕ್ಕೆ ಸೂಜಿಗೆ ದಾರ ಪೋಣಿಸುವ ಹೆಂಗಸು ಹೀಗಂದಳು. ಸಾಹೇಬರು ತಕ್ಷಣ ತಮ್ಮ ಕನ್ನಡಕ ತೆಗೆದು ಕೊಟ್ಟರು. “ನಿಮ್ಮದು ನಂಗೆ ಆಗಲ್ಲ ಸಾರ್, ನನ್ನ ಪವರೇ ಬೇರೆ” ಎಂದು ಆಯಮ್ಮ ಇನ್ನೊಂದು ಸುಳ್ಳು ಸೇರಿಸಿದಳು. ಒಳ್ಳೆಯ ಮನುಷ್ಯರ ತೊಂದರೆ ಇದೇ, ಅವರು ಅಲ್ಲಿಗೆ ಬಿಡುವುದಿಲ್ಲ. ಸಾಹೇಬರು ನೇರವಾಗಿ ಮೇಲ್ವಿಚಾರಕಿಯ ಬಳಿ ಹೋದರು. ಮರುದಿನ ಬೆಳಿಗ್ಗೆ ಮೇಲ್ವಿಚಾರಕಿ ಆಯಮ್ಮನನ್ನು ಕನ್ನಡಕದ ಅಂಗಡಿಗೆ ಕರೆದುಕೊಂಡು ಹೋದರು.

ಅಂಗಡಿಯವನು ಬಲು ಶ್ರದ್ಧಾವಂತ. ಹೊರದೇಶದವರೆಂದು ತನ್ನ ಭಾಷೆಯ ಬೋರ್ಡು ತಿರುಗಿಸಿ ಇಂಗ್ಲಿಷ್ ಅಕ್ಷರಗಳ ಬೋರ್ಡಿಗೆ ದೀಪ ಹಾಕಿದ. ಆಯಮ್ಮನಿಗೆ ಬೆವರು ಬಂತು. ಆತ ಕೋಲಿನಿಂದ ಒಂದು ಅಕ್ಷರ ತೋರಿಸಿದ. ಇಂಗ್ಲಿಷ್ ಅಕ್ಷರಮಾಲೆಯನ್ನು ಬಾಯಿಪಾಠವಾಗಿ ಹೇಳಲು ಆಕೆಗೆ ಬರುತ್ತಿತ್ತು, ಯಾವುದರ ಮುಖ ಹೇಗಿದೆ ಎಂದು ಮಾತ್ರ ಗೊತ್ತಿರಲಿಲ್ಲ. ಮೊದಲಿನಿಂದಲೇ ಶುರು ಮಾಡಿದಳು.

“ಎ.”

ಆತ ಅಲ್ಲವೆಂದು ತಲೆಯಾಡಿಸಿ ಮಸೂರ ಬದಲಿಸಿದ, ಇನ್ನೊಂದು ಅಕ್ಷರ ತೋರಿಸಿದ.

“ಬಿ.”

ಮತ್ತೆ ಮಸೂರ. “ಸಿ.” ಮತ್ತೆ ಮಸೂರ. “ಡಿ.” ಪಕ್ಕದಲ್ಲಿ ಕೂತ ಮೇಲ್ವಿಚಾರಕಿಯ ಮುಖದಲ್ಲಿ ಗಾಬರಿ ಮೂಡಿತು, ಪಾಪ, ಈ ಹೆಂಗಸಿಗೆ ಕಣ್ಣೇ ಕಾಣುವುದಿಲ್ಲವಲ್ಲ ಎಂದು. ಮಸೂರ ದಪ್ಪವಾಗುತ್ತ ಹೋಯಿತು. ಆಯಮ್ಮ “ಎಚ್” ಎನ್ನುವಾಗ ಕೋಲು ಯಾವ ಪುಣ್ಯಕ್ಕೋ ಎಚ್ ಅಕ್ಷರದ ಮೇಲೆಯೇ ಇತ್ತು. ಅಂಗಡಿಯವನ ಮುಖ ಅರಳಿತು. ಅದೇ ಮಸೂರವನ್ನು ಬರೆದುಕೊಂಡ. ಅವನ ಮಸೂರಗಳ ಡಬ್ಬದಲ್ಲಿ ಅದಕ್ಕಿಂತ ದಪ್ಪನೆಯದು ಇನ್ನೊಂದಿರಲಿಲ್ಲ.

ಶುಕ್ರವಾರ ಕನ್ನಡಕ ಬಂತು. ಹಾಕಿಕೊಂಡರೆ ನೆಲ ಮೇಲೆದ್ದು ಬರುತ್ತಿತ್ತು, ಮೆಟ್ಟಿಲು ಹಿಂದಕ್ಕೆ ಸರಿಯುತ್ತಿತ್ತು, ಬ್ಯಾಂಕ್ ಸಾಹೇಬರ ಮೂಗು ಬದನೆಕಾಯಿಯಷ್ಟಾಗಿತ್ತು. ತೆಗೆದಿಡುವಂತಿಲ್ಲ, ಅಷ್ಟೆಲ್ಲ ಓಡಾಡಿ ಮಾಡಿಸಿಕೊಟ್ಟಿದ್ದಾರೆ. “ಈಗ ಹೇಗೆ ಕಾಣ್ತಿದೆಯಮ್ಮ?” ಎಂದು ಸಾಹೇಬರು ಕೇಳಿದರೆ “ಎಲ್ಲಾ ದೊಡ್ಡದಾಗಿ ಕಾಣ್ತಿದೆ ಸಾರ್” ಎಂದಳು. ಅಷ್ಟು ಮಾತ್ರ ನಿಜ.

ಮಧ್ಯಾಹ್ನ ಊಟದ ಗಂಟೆ ಹೊಡೆಯಿತು. ಮಕ್ಕಳು ಅಂಗಳಕ್ಕೆ ನುಗ್ಗಿದವು. ನೆಲ ತೊಳೆಯುವವಳು ತೊಟ್ಟಿಯ ಪಕ್ಕ ಸೋಪಿನ ನೀರಿನ ಬಕೆಟ್ ಇಟ್ಟು ಪೊರಕೆ ತರಲು ಹೋಗಿದ್ದಳು. ಬಕೆಟ್ ದೂರದಲ್ಲಿದೆ ಎಂದುಕೊಂಡು ಆಯಮ್ಮ ಹೆಜ್ಜೆ ಇಟ್ಟದ್ದು ನೇರವಾಗಿ ಅದರ ಮೇಲೆಯೇ. ಬಕೆಟ್ ಉರುಳಿತು, ಆಯಮ್ಮ ಕುಕ್ಕರಿಸಿದಳು, ಕನ್ನಡಕ ಹಾರಿ ತೊಟ್ಟಿಯೊಳಗೆ ಬಿತ್ತು, ನೊರೆನೀರು ಇಪ್ಪತ್ತಮೂರು ಜೊತೆ ಶೂಗಳ ಕೆಳಗೆ ಹರಿಯಿತು. ಮಕ್ಕಳು ಕಿರುಚಿ ನಕ್ಕವು. ಆ ನಗುವಿನಲ್ಲಿ ಎರಡು ಜಡೆಯ ಒಂದು ಹುಡುಗಿ ಜಾರಿ, ಕೊಳೆ ಮೆತ್ತಿದ ಎರಡು ಕೈಯನ್ನೂ ಎತ್ತಿ ಹಿಡಿದು ಆಯಮ್ಮನ ಮುಂದೆ ನಿಂತಿತು.

ಕಣ್ಣ ಮುಂದೆ ಕೊಳಕು ಕೈ ಕಂಡರೆ ಆಯಮ್ಮ ಯೋಚನೆ ಮಾಡುವವಳಲ್ಲ. ಕೂತಲ್ಲಿಂದಲೇ ಆ ಕೈಗಳನ್ನು ಹಿಡಿದಳು, ನಲ್ಲಿ ತಿರುಗಿಸಿದಳು, ಸೋಪು ತಿಕ್ಕಿದಳು. ಬಾಯಿ ತಾನಾಗಿಯೇ ಹಾಡುತ್ತಿತ್ತು.

“ಲೆಫ್ಟ್ ಹ್ಯಾಂಡ್ ಹಲೋ, ರೈಟ್ ಹ್ಯಾಂಡ್ ಹಲೋ...”

ಹುಡುಗಿ ಕಣ್ಣರಳಿಸಿ ನೋಡಿತು. ಎರಡನೇ ಸುತ್ತಿಗೆ “ಹಲೋ” ಎಂದಿತು. ಹಿಂದೆ ನಿಂತ ಮಗುವೂ ಕೈ ಚಾಚಿತು. ಅಷ್ಟು ಹೊತ್ತಿಗೆ ಒದ್ದೆ ಶೂಗಳನ್ನು ಬಿಚ್ಚಿ ಬಿಸಿಲಿಗಿಡಬೇಕಾಯಿತು, ಬಿಚ್ಚಿದ ಮೇಲೆ ಜೋಡಿಸಬೇಕಾಯಿತು, ಜೋಡಿಸಲು ಹೋದರೆ ಆ ಹಾಡೂ ಹೊರಗೆ ಬಂತು. ಊಟದ ಬಿಡುವು ಮುಗಿಯುವಷ್ಟರಲ್ಲಿ ಅಂಗಳದ ತುಂಬ “ಕಮ್ ಹೋಮ್! ಕಮ್ ಹೋಮ್!” ಎಂಬ ಕೂಗು. ಆಯಮ್ಮ ಒದ್ದೆ ಸೀರೆಯಲ್ಲೇ ನಿಂತು ಗಳಗಳ ಅತ್ತಳು. ಮಕ್ಕಳಿಗೆ ಗೊತ್ತಾಗದಂತೆ ಮುಖಕ್ಕೂ ಒಂದಿಷ್ಟು ನೀರು ಹಾಕಿಕೊಂಡಳು.

ಮುಂದಿನ ವಾರ ಆಯಮ್ಮನ ಪಾಠವೆಲ್ಲ ಅಂಗಳದಲ್ಲೇ. ಎಲ್ಲರ ಶೂಗಳನ್ನೂ ಒಂದು ರಾಶಿ ಮಾಡುವುದು, ಪ್ರತಿ ಮಗುವೂ ಇನ್ನೊಬ್ಬರ ಶೂ ಹೆಕ್ಕಿ, “ಈಸ್ ದಿಸ್ ಯುವರ್ ಶೂ?” ಎಂದು ಕೇಳುತ್ತ ಒಡೆಯನನ್ನು ಹುಡುಕುವುದು. ಸೋಪು ಬೇಕಾದರೆ “ಸೋಪ್ ಪ್ಲೀಸ್.” ಸರದಿ ಬಂದರೆ “ಮೈ ಟರ್ನ್.” ಸಾಲು ತಪ್ಪಿಸಿ ನುಗ್ಗಿದವನಿಗೆ ಇಡೀ ಸಾಲು ಒಟ್ಟಾಗಿ “ವೇಯ್ಟ್!” ಗುಂಡಿ ಕಿತ್ತವನನ್ನು ನಡುವೆ ಕೂರಿಸಿ, ಗುಂಡಿ ಹೊಲಿಯುತ್ತ ಇಂಗ್ಲಿಷಿನಲ್ಲಿ ಒಂದರಿಂದ ಇಪ್ಪತ್ತರವರೆಗೆ ಎಣಿಕೆ. ಆ ಮಕ್ಕಳ ಭಾಷೆ ಆಯಮ್ಮನಿಗೆ ಬಾರದು, ಆಯಮ್ಮನ ಭಾಷೆ ಅವಕ್ಕೆ ಬಾರದು. ಹಾಗಾಗಿ ಜಗಳವಾಡಬೇಕಾದರೂ ಇಂಗ್ಲಿಷೇ ಗತಿ. ಅದೇ ಒಳ್ಳೆಯದಾಯಿತು. ಕನ್ನಡಕವನ್ನು ಆಕೆ ತರಗತಿಗೆ ಹೋಗುವಾಗ ಹಾಕಿಕೊಂಡು, ಅಂಗಳಕ್ಕೆ ಬಂದ ಕೂಡಲೇ ಸೆರಗಿನಲ್ಲಿ ಕಟ್ಟಿಕೊಳ್ಳುತ್ತಿದ್ದಳು.

ಬ್ಯಾಂಕ್ ಸಾಹೇಬರು ಬಾಗಿಲಲ್ಲಿ ನಿಂತು ನೋಡಿ ಗೊಣಗಿದರು.

“ಇದು ಪಾಠವೋ ಬಚ್ಚಲುಮನೆಯೋ? ಶನಿವಾರ ಹೆಡ್‌ಮಾಸ್ಟರು ನೋಡೋದು ಮೇಲಿನ ಹಾಲ್‌ನಲ್ಲಿ ಕಣಮ್ಮ, ಸ್ಟೇಜಿನ ಮೇಲೆ. ಅಲ್ಲಿ ನಲ್ಲಿ ಇರಲ್ಲ.”

“ಇರದೆ ಹೋದ್ರೆ ಏನಂತೆ ಸಾರ್? ಮೊದಲು ಹೆದರಿಕೆ ಇತ್ತು, ಈಗ ಹೋಯ್ತಲ್ಲ.”

ಆಯಮ್ಮ ನಿಜವಾಗಿಯೂ ಹಾಗೆಂದೇ ನಂಬಿದ್ದಳು. ಆಕೆ ಮಾಡಿದ ತಪ್ಪು ಇಷ್ಟೇ. ಇಪ್ಪತ್ತಾರು ವರ್ಷದಲ್ಲಿ ಒಂದು ದಿನವೂ ಆಕೆ ಬರಿಗೈಯಲ್ಲಿ ನಿಂತು ಹಾಡಿದವಳಲ್ಲ ಎಂಬುದು ಆಕೆಗೇ ಗೊತ್ತಿರಲಿಲ್ಲ.

ಶನಿವಾರ ಬಂತು. ಹಾಲ್‌ನಲ್ಲಿ ಮಕ್ಕಳೆಲ್ಲ ಸಾಲಾಗಿ ಕೂತಿದ್ದವು. ಮುಂದೆ ಒಂದು ಮೇಜು, ಅದರ ಹಿಂದೆ ಹೆಡ್‌ಮಾಸ್ಟರು, ಅವರ ಪಕ್ಕ ಮೇಲ್ವಿಚಾರಕಿ. ಹೆಡ್‌ಮಾಸ್ಟರು ಬರೆಯಲು ಪೆನ್ನು ತೆಗೆದದ್ದೇ ತಡ, ಅದು ಎಂದಿನಂತೆ ಕೈ ತುಂಬ ಕಾರಿತು. ಬ್ಯಾಂಕ್ ಸಾಹೇಬರು ಮೊದಲು ಹೋದರು. ಚಾರ್ಟು ತೋರಿಸಿದರು, ಅವರ ಕ್ಲಾಸಿನ ಮಕ್ಕಳು ಒಕ್ಕೊರಲಿನಿಂದ ಹೇಳಿದವು, ಯಾವ ತೊಂದರೆಯೂ ಆಗಲಿಲ್ಲ. ಆಮೇಲೆ ಆಯಮ್ಮನ ಸರದಿ.

ಸ್ಟೇಜಿನ ಮೇಲೆ ನಿಂತಳು. ಮೂಗಿನ ಮೇಲೆ ದಪ್ಪ ಕನ್ನಡಕ, ಎರಡೂ ಕೈ ಖಾಲಿ. ಬಾಯಿ ತೆರೆದಳು.

ಬರಲಿಲ್ಲ.

ಮೇಲ್ವಿಚಾರಕಿ ಮೆಲ್ಲಗೆ “ಹಾಡಿ” ಎಂದರು. ಆಯಮ್ಮ ತುಟಿ ಅಲ್ಲಾಡಿಸಿದಳು. ಹೆದರಿಕೆ ಇರಲಿಲ್ಲ, ಅದೇ ವಿಚಿತ್ರ. ಎದೆ ನೆಟ್ಟಗಿತ್ತು, ಕಾಲು ನಡುಗುತ್ತಿರಲಿಲ್ಲ. ಆದರೆ ಕೈಗೆ ಹಿಡಿಯಲು ಏನೂ ಇರಲಿಲ್ಲ. ಹೆಡ್‌ಮಾಸ್ಟರು ಗಡಿಯಾರ ನೋಡಿದರು. ಸಾಹೇಬರು ಕೆಳಗಿನಿಂದ ಆ ಹಾಳೆಯನ್ನು ಎತ್ತಿ ಎತ್ತಿ ತೋರಿಸುತ್ತಿದ್ದರು, ಪಾಪ, ನೋಡಿಕೊಂಡಾದರೂ ಹಾಡಲಿ ಎಂದು. ಆಗ ಆಯಮ್ಮನಿಗೆ ಸುಳ್ಳು ಸಾಕಾಯಿತು. ಕನ್ನಡಕ ತೆಗೆದು ಕೈಯಲ್ಲಿ ಹಿಡಿದಳು.

“ಮೇಡಂ, ನಂಗೆ ಓದೋಕೆ ಬರಲ್ಲ. ಇಂಗ್ಲಿಷು ಒಂದಕ್ಷರಾನೂ ಗೊತ್ತಿಲ್ಲ. ಕಣ್ಣೂ ಚೆನ್ನಾಗೇ ಇದೆ, ಈ ಕನ್ನಡಕ ಹಾಕ್ಕೊಂಡ್ರೇನೇ ಕಾಣಲ್ಲ. ಅಂಗಡೀಲಿ ಸುಮ್ನೆ ಬಾಯಿಗೆ ಬಂದಿದ್ದು ಹೇಳಿದೆ.”

ಮೇಲ್ವಿಚಾರಕಿ ಕುರ್ಚಿಯಿಂದ ಎದ್ದು ನಿಂತರು. “ಹಾಗಾದ್ರೆ... ನಿಮಗೆ ಬರೋದಾದ್ರೂ ಏನು?”

“ಮಕ್ಕಳ ಕೈ ತೊಳೆಸೋಕೆ ಬರುತ್ತೆ. ಅದು ಬಿಟ್ಟು ಹಾಡು ಬರಲ್ಲ ಅಂತ ನಂಗೂ ಈಗ್ಲೇ ಗೊತ್ತಾಗಿದ್ದು. ನಾನು ಟೀಚರ್ ಅಲ್ಲ ಮೇಡಂ, ಆಯಾ. ಕಳಿಸಿಬಿಡಿ, ಹೋಗ್ತೀನಿ.”

ಹೇಳುವಾಗ ಮನೆಯ ಊಟದ ತಟ್ಟೆ, ತಲೆ ಎತ್ತದೆ ಪ್ರಶ್ನೆ ಕೇಳಿದ ಚಿನಕುರುಳಿ, ಎಲ್ಲ ಕಣ್ಣ ಮುಂದೆ ಬಂತು. ಹೆಡ್‌ಮಾಸ್ಟರು ಒಂದೂ ಅರ್ಥವಾಗದೆ, ಏನಾಯಿತೆಂದು ಕೇಳಲು ಮಸಿ ಮೆತ್ತಿದ ಕೈಯನ್ನು ಎತ್ತಿದರು.

ಆ ಕೈ ಎತ್ತಿದ್ದೇ ಕಾರಣವಾಯಿತು. ಮುಂದಿನ ಸಾಲಿನಲ್ಲಿ ಕೂತಿದ್ದ ಎರಡು ಜಡೆಯ ಹುಡುಗಿ ಅದನ್ನು ಕಂಡಿತು. ಎದ್ದು, ಮೇಜು ಸುತ್ತಿ ಹೋಗಿ, ಹೆಡ್‌ಮಾಸ್ಟರ ಮುಂದೆ ನಿಂತು, ಸೊಂಟದ ಮೇಲೆ ಕೈ ಇಟ್ಟಿತು. ಆ ಭಂಗಿ ಎಲ್ಲಿಂದ ಕಲಿತದ್ದು ಎಂದು ಬೇರೆ ಹೇಳಬೇಕಾಗಿಲ್ಲ.

“ಡರ್ಟಿ ಹ್ಯಾಂಡ್ಸ್!” ಎಂದಿತು. “ಕಮ್!”

ಹುಡುಗಿ ಕಾಯಲಿಲ್ಲ. ಅವರ ಅಂಗಿಯ ತೋಳು ಹಿಡಿದು ಎಳೆಯಿತು. ಅಷ್ಟರಲ್ಲಿ ಆಯಮ್ಮನ ಕ್ಲಾಸಿನ ಉಳಿದ ಇಪ್ಪತ್ತೆರಡೂ ಎದ್ದಿದ್ದವು. ಆ ಮೆರವಣಿಗೆ ಮೆಟ್ಟಿಲಿಳಿದು ಅಂಗಳಕ್ಕೆ ಬಂತು, ಹಿಂದೆ ಮೇಲ್ವಿಚಾರಕಿ, ಅವರ ಹಿಂದೆ ಸಾಹೇಬರು, ಎಲ್ಲರಿಗಿಂತ ಹಿಂದೆ ಆಯಮ್ಮ. ತೊಟ್ಟಿಯ ಬಳಿ ಹೆಡ್‌ಮಾಸ್ಟರು ದೊಡ್ಡವರೆಂಬ ಸಲುಗೆಯಲ್ಲಿ ನೇರವಾಗಿ ನಲ್ಲಿಗೆ ಕೈ ಹಾಕಿದರು. ಇಡೀ ಸಾಲು ಒಟ್ಟಾಗಿ ಗದರಿತು.

“ವೇಯ್ಟ್!”

ಮೂವತ್ತು ವರ್ಷ ಮಕ್ಕಳನ್ನು ಗದರಿದ ಮನುಷ್ಯ ತೆಪ್ಪಗೆ ಸಾಲಿನ ಕೊನೆಗೆ ಹೋಗಿ ನಿಂತರು. ಅವರ ಸರದಿ ಬಂದಾಗ ನಲ್ಲಿಯ ಬಳಿ ಆಯಮ್ಮ ನಿಂತಿದ್ದಳು. ಯಾವಾಗ ಬಂದು ನಿಂತಳೋ ಆಕೆಗೇ ಗೊತ್ತಿಲ್ಲ. ಆಕೆ ಮುಖ ನೋಡಲಿಲ್ಲ, ಹೆಡ್‌ಮಾಸ್ಟರೋ ಮತ್ತೊಬ್ಬರೋ ಎಂದು ಯೋಚಿಸಲಿಲ್ಲ. ಕೊಳಕು ಕೈ ಕಂಡಿತು, ಹಿಡಿದಳು.

“ಲೆಫ್ಟ್ ಹ್ಯಾಂಡ್ ಹಲೋ...” ಎಂದು ಆಕೆ ಎತ್ತಿಕೊಂಡದ್ದನ್ನು ಇಪ್ಪತ್ತಮೂರು ಮಕ್ಕಳು ಮುಗಿಸಿದವು. ಒಬ್ಬ “ಮೋರ್ ಸೋಪ್!” ಎಂದ. ಇನ್ನೊಬ್ಬಳು “ನೋ, ನೋ, ಥಂಬ್ ಆಲ್ಸೋ!” ಎಂದು ಅವರ ಹೆಬ್ಬೆರಳು ತಿಕ್ಕಿದಳು. ಎಷ್ಟೋ ವರ್ಷದ ಮಸಿ ನೀಲಿ ನೀಲಿಯಾಗಿ ತೊಟ್ಟಿಯಲ್ಲಿ ಹರಿದು ಹೋಯಿತು. ಹೆಡ್‌ಮಾಸ್ಟರು ಕೈ ಎತ್ತಿ ತಿರುಗಿಸಿ ತಿರುಗಿಸಿ ನೋಡಿಕೊಂಡರು. ನಕ್ಕರು. ಅವರಿಗೆ ಹಲ್ಲಿದೆ ಎಂದು ಎಷ್ಟೋ ಮಕ್ಕಳಿಗೆ ಅಂದೇ ಗೊತ್ತಾದದ್ದು.

ಅವರು ಮೇಲ್ವಿಚಾರಕಿಗೆ ತಮ್ಮ ಭಾಷೆಯಲ್ಲಿ ಏನೋ ಉದ್ದಕ್ಕೆ ಹೇಳಿದರು. ಮೇಲ್ವಿಚಾರಕಿ ಆಯಮ್ಮನ ಕಡೆ ತಿರುಗಿದರು.

“‘ಈ ಮಕ್ಕಳು ಇಂಗ್ಲಿಷಲ್ಲಿ ಪಾಠ ಒಪ್ಪಿಸಿದ್ದು ಎಷ್ಟೋ ಸಲ ಕೇಳಿದೀನಿ, ಜಗಳ ಆಡಿದ್ದು ಕೇಳಿದ್ದು ಇದೇ ಮೊದಲು’ ಅಂತಾರೆ ಹೆಡ್‌ಮಾಸ್ಟರು. ನಿಮ್ಮನ್ನ ಎಲ್ಲೂ ಕಳಿಸ್ಬೇಡಿ ಅಂತಾನೂ ಅಂದ್ರು.” ಆಮೇಲೆ ಕೇಳಿದರು. “ಓದೋಕೆ ಬರಲ್ಲ ಅಂತ ಮೊದಲೇ ಹೇಳೋಕೆ ಏನಾಗಿತ್ತು ನಿಮಗೆ?”

“ಹೇಳಿದ್ರೆ ಕರ್ಕೊಂಡು ಬರ್ತಿದ್ರಾ ಮೇಡಂ?”

ಮೇಲ್ವಿಚಾರಕಿ ಯೋಚಿಸಿದರು. ಒಳ್ಳೆಯವರು, ಸುಳ್ಳು ಹೇಳಲಿಲ್ಲ. “ಇಲ್ಲ,” ಎಂದರು. ತಮ್ಮ ಪುಸ್ತಕ ತೆಗೆದು ಏನೋ ಬರೆದುಕೊಂಡರು.

ಬ್ಯಾಂಕ್ ಸಾಹೇಬರಿಗೆ ಒಂದು ದಿನದ ಮಟ್ಟಿಗೆ ಸಿಟ್ಟಿತ್ತು. ಅವರ ಕನ್ನಡಕವನ್ನೇ ನಿರಾಕರಿಸಿ ಸುಳ್ಳು ಹೇಳಿದ್ದು ಮನಸ್ಸಿಗೆ ಹತ್ತಿತ್ತು. 

“ನನ್ನ ಹತ್ತಿರ ಒಂದು ಮಾತು ಹೇಳಬಾರದಿತ್ತೇನಮ್ಮ?” ಎಂದರು. 

“ನಾಚಿಕೆ ಆಯ್ತು ಸಾರ್,” ಎಂದಳು ಆಯಮ್ಮ. 

ಅದಕ್ಕೆ ಸಾಹೇಬರ ಬಳಿ ಸರ್ಕ್ಯುಲರ್ ಇರಲಿಲ್ಲ. ಸೋಮವಾರದಿಂದ ಸಂಜೆ ಸಂಜೆ ತಮ್ಮ ಚಾರ್ಟು ಹರಡಿಕೊಂಡು ಆಕೆಗೆ ಅಕ್ಷರ ಕಲಿಸಲು ಕೂತರು. ಬದಲಿಗೆ ಮಧ್ಯಾಹ್ನ ಪ್ಯಾಂಟು ಮಡಚಿಕೊಂಡು ನಲ್ಲಿಯ ಬಳಿ ಬರತೊಡಗಿದರು. ಮೊದಲ ದಿನ ಅವರ ಹಾಡು ಕೇಳಿ ಮಕ್ಕಳೆಲ್ಲ ಕಿವಿ ಮುಚ್ಚಿಕೊಂಡವು. ಎರಡನೇ ವಾರಕ್ಕೆ ಪರವಾಗಿಲ್ಲ ಎನ್ನುವಂತಾಯಿತು.

ಭಾನುವಾರ ಮನೆಗೆ ಫೋನು ಮಾಡುವ ದಿನ. ಅಷ್ಟು ವಾರವೂ ಆಯಮ್ಮ ಮಗನೊಂದಿಗೆ, ಸೊಸೆಯೊಂದಿಗೆ ಮಾತಾಡಿ, ಚಿನಕುರುಳಿಗೆ ಫೋನು ಕೊಡುವ ಹೊತ್ತಿಗೆ ಏನಾದರೂ ನೆಪ ಹೇಳಿ ಇಟ್ಟುಬಿಡುತ್ತಿದ್ದಳು. ಅದೇ ಪ್ರಶ್ನೆ ಮತ್ತೆ ಬಂದರೆ ಏನು ಹೇಳುವುದು ಎಂಬ ಅಳುಕು. ಈ ಸಲ ತಾನೇ ಕೇಳಿದಳು.

“ಎಲ್ಲಿ ನಮ್ಮ ಚಿನಕುರುಳಿ? ಕೊಡು ಅವಳಿಗೆ.”

ಮೊಮ್ಮಗಳು ಬಂದದ್ದೇ ದೂರು ಶುರು ಮಾಡಿದಳು. ಆಯಮ್ಮನ ಜಾಗಕ್ಕೆ ಬಂದ ಹೊಸಬಳಿಗೆ ಏನೂ ಬರುವುದಿಲ್ಲವಂತೆ. ಹಾಡೇ ಹೇಳುವುದಿಲ್ಲವಂತೆ. ಸುಮ್ಮನೆ ನಲ್ಲಿ ಬಿಟ್ಟು ನಿಂತರೆ ಯಾರು ಕೈ ತೊಳೆಯುತ್ತಾರೆ? ಎಲ್ಲರೂ ನೀರೆರಚಾಡಿ ಓಡುತ್ತಾರಂತೆ.

“ಅಯ್ಯೋ. ಮತ್ತೆ ಈಗ ಹೇಗೆ ಮಾಡ್ತೀರಿ?”

“ನಾನೇ ಮಾಡಿಸ್ತೀನಿ ಅಜ್ಜಿ. ಲೈನು ಮಾಡಿಸ್ತೀನಿ, ಹಾಡು ಹೇಳಿಕೊಡ್ತೀನಿ, ಎಲ್.ಕೆ.ಜಿ. ಪಾಪುಗಳಿಗೆ ಸೋಪು ಹಚ್ತೀನಿ. ನಮ್ಮ ಟೀಚರ್ ಹಾಡಿದ್ರೂ ಅವರು ಕೇಳಲ್ಲ, ನನ್ನ ಮಾತೇ ಕೇಳೋದು.” ಸ್ವಲ್ಪ ಉಸಿರು ತೆಗೆದುಕೊಂಡು, ದೊಡ್ಡ ಹುದ್ದೆ ಸಿಕ್ಕವರ ಗತ್ತಿನಲ್ಲಿ ಹೇಳಿದಳು. “ನೀನು ಬರೋವರೆಗೂ ನಾನೇ ಆಯಾ.”

ಆಯಮ್ಮನ ಕಣ್ಣಲ್ಲಿ ನೀರು ತುಂಬಿ ಬಂತು, ಒರೆಸಿಕೊಳ್ಳಲೂ ಮನಸ್ಸಾಗಲಿಲ್ಲ.

“ಅಜ್ಜಿ? ಕೇಳಿಸ್ತಾ?”

“ಕೇಳಿಸ್ತು ಕಣೇ,” ಎಂದಳು ಆಯಮ್ಮ. “ಹೆಬ್ಬೆರಳು ಮರೀಬೇಡ. ಎಲ್ಲರೂ ಹೆಬ್ಬೆರಳು ಮರೀತಾರೆ.”